ನೆಲಕ್ಕೆ ಬಡಿದ ಚೆಂಡು

"ಹಿಡೀಬೇಡ ಅಂದ್ರೆ ಹಿಡೀಬೇಡ ಎಜೆಲ್. ನೆಲಕ್ಕೆ ಬಡಿ, ಅಷ್ಟೇ."

ಕೋಚ್ ಅನ್ರೂ ಅವನ ಹೆಲ್ಮೆಟ್ಟಿನ ಸರಳನ್ನೇ ಹಿಡಿದುಕೊಂಡು ಹೇಳಿದರು. ಉಳಿದಿದ್ದದ್ದು ನಾಲ್ಕು ಸೆಕೆಂಡು, ಎದುರಾಳಿಗಳಿಗೆ ಇನ್ನೊಂದೇ ಎಸೆತ. ಈ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಎಜೆಲ್‌ನ ಕಾಲೇಜು ಮೂರು ಅಂಕ ಮುಂದಿತ್ತು. ಚೆಂಡು ನೆಲಕ್ಕೆ ಬಿದ್ದರೆ ಅಲ್ಲಿಗೇ ಆಟ ಮುಗಿದಂತೆ. ಆದರೆ ಆ ಎಸೆತವನ್ನು ಅವರವನೊಬ್ಬ ಕೊನೆಯ ಗೆರೆಯಾಚೆ ಹಿಡಿದುಬಿಟ್ಟರೆ ಅವರಿಗೆ ಆರು ಅಂಕ, ಗೆದ್ದ ಆಟವೂ ಕೈತಪ್ಪಿದಂತೆಯೇ.

"ಮೂರು ಜನ ಎಸೆಯೋನ ಮೇಲೆ ನುಗ್ರಿ. ಮಿಕ್ಕ ಎಂಟೂ ಜನ ಹಿಂದೆ, ಗೆರೆ ಹತ್ರ. ಹಿಡಿಯೋಕೆ ಹೋದ್ರೆ ಬೆರಳಿಗೆ ತಗುಲಿ ಮೇಲಕ್ಕೆ ಚಿಮ್ಮುತ್ತೆ. ಆಮೇಲೆ ಯಾರ ಕೈಗೆ ಬೀಳುತ್ತೋ ದೇವರಿಗೇ ಗೊತ್ತು."

"ಇವನಿಗೆ ಅದನ್ನ ಹೇಳೋದೇ ಬೇಡ ಕೋಚ್," ಎಂದ ಪಕ್ಕದಲ್ಲಿದ್ದ ರೆಂಪೆಲ್. "ನಾಲ್ಕು ವರ್ಷದಲ್ಲಿ ಒಂದಾದ್ರೂ ಹಿಡಿದಿದ್ದಾನಾ? ಅವು ಕೈಯಲ್ಲ, ಬಾಣಲೆ."

ಹುಡುಗರು ನಕ್ಕರು. ಎಜೆಲ್ ನಗಲಿಲ್ಲ, ಬೇಲಿಯ ಕಡೆ ನೋಡಿದ.

ಬೇಲಿಯಾಚೆ ಗಾಲಿಕುರ್ಚಿಯಲ್ಲಿ ಅವನ ಅಪ್ಪ ಆರಿನ್ ಕೂತಿದ್ದ. ಮೂಗಿಗೆ ಆಕ್ಸಿಜನ್ ನಳಿಗೆ, ಮೈತುಂಬ ಕಂಬಳಿ. ಗೋಧಿ ಕೊಯ್ಲಿನ ತನಕ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿಯಾಗಿತ್ತು. ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿದು ಕಿತ್ತುಕೊಂಡವನಿಗೆ ಆ ಚೆಂಡನ್ನೇ ಕೊಟ್ಟುಬಿಡುವುದು ಈ ಕಾಲೇಜಿನ ವಾಡಿಕೆ. ರೆಂಪೆಲ್‌ನ ಮನೆಯಲ್ಲಿ ಎರಡಿವೆ. ಬೆಳಿಗ್ಗೆ ಮಗ ಕೊರಳಿಗೆ ಮಫ್ಲರ್ ಸುತ್ತಿಕೊಡುವಾಗ ಆರಿನ್ ಕೇಳಿದ್ದ: "ಇದೇ ಕೊನೇ ಆಟ ಅಲ್ವೇನೋ? ಒಂದು ಚೆಂಡು ತಂದ್ಕೊಡು. ಹಾಸಿಗೆ ಪಕ್ಕ ಇಟ್ಕೊಳ್ತೀನಿ." ಮಗನನ್ನು ಏನನ್ನೂ ಕೇಳುವ ಜಾಯಮಾನದವನಲ್ಲ ಅವನು.

ಎಲ್ಲರೂ ಜಾಗಕ್ಕೆ ನಿಂತರು. ಚೆಂಡು ಹಾರಿತು. ಕಾನ್ಸಸ್‌ನ ನವೆಂಬರ್ ಗಾಳಿ ಅದನ್ನು ಕೊಂಚ ಪಕ್ಕಕ್ಕೆ ತಳ್ಳಿತು. ಗುಂಪೆಲ್ಲ ಒಂದು ಕಡೆ ನೆಗೆಯಿತು, ಚೆಂಡು ಮಾತ್ರ ಅವರನ್ನು ದಾಟಿ ನೇರ ಎಜೆಲ್‌ನ ಎದೆಯತ್ತ ಇಳಿಯತೊಡಗಿತು. ಅಷ್ಟು ಮೆತ್ತಗೆ ಯಾವ ಚೆಂಡೂ ಅವನ ಹತ್ತಿರ ಬಂದಿರಲಿಲ್ಲ. ಹೊಲಿಗೆಯ ದಾರ ಕೂಡ ಕಾಣುತ್ತಿತ್ತು. ಕೈಗವಸಿನೊಳಗೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು.

ಅವನು ಕೈ ಮೇಲೆತ್ತಿ, ಇದ್ದ ಬಲವನ್ನೆಲ್ಲ ಹಾಕಿ ಅದನ್ನು ನೆಲಕ್ಕೆ ಬಡಿದ.

ಸೀಟಿ ಮೊಳಗಿತು. ಹುಡುಗರು ಅವನ ಮೇಲೆ ಬಿದ್ದರು. ಎದ್ದು ನೋಡುವಾಗ ಚೆಂಡನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಬಡಿದು ಬೀಳಿಸಿದ ಚೆಂಡನ್ನು ಯಾರಿಗೂ ಕೊಡುವುದಿಲ್ಲ.

ಅವನು ಬೇಲಿಯ ಹತ್ತಿರ ಹೋಗಿ ನಿಂತ.

"ಕೈಗೇ ಬಂದಿತ್ತಲ್ಲೋ," ಎಂದ ಆರಿನ್.

"ಹೂಂ ಅಪ್ಪಾ."

"ಹಿಡೀಬಹುದಿತ್ತು."

"ಹಿಡೀಬಹುದಿತ್ತೇನೋ. ನನ್ನ ಕೈ ನಿಂಗೊತ್ತಲ್ಲ."

ಆರಿನ್ ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ನಿನ್ನ ಬೆನ್ನ ಹಿಂದೇನೇ ಅವರವನೊಬ್ಬ ಇದ್ದ. ನೀನು ನೋಡ್ಲಿಲ್ಲ. ಎರಡೂ ಕೈ ಚಾಚ್ಕೊಂಡು ನಿಂತಿದ್ದ. ಚಿಮ್ಮಿದ್ರೆ ಅವನದೇ."

"ಕ್ಷಮಿಸಪ್ಪಾ. ಚೆಂಡು ತರಲಿಲ್ಲ."

"ಬಲಗೈ ಕೊಡಿಲ್ಲಿ."

ಎಜೆಲ್ ಬೇಲಿಯ ಮೇಲಿಂದ ಕೈ ಚಾಚಿದ. ಅಪ್ಪ ಅವನ ಕೈಗವಸನ್ನು ನಿಧಾನವಾಗಿ ಎಳೆದು ತೆಗೆದ. ಅದರ ಅಂಗೈಗೆ ಮೆತ್ತಿದ್ದ ಮಣ್ಣನ್ನು ಒರೆಸದೆ, ಗವಸನ್ನು ಹಾಗೆಯೇ ಮಡಚಿ, ಕಂಬಳಿಯೊಳಗೆ ಇಟ್ಟುಕೊಂಡ.