ಮೇಸ್ತ್ರಿಯ ಅಂಗಳಕ್ಕೂ ವಾಟ ಬೇಕು

ಮಳೆ ನಿಂತು ಎರಡು ದಿನವಾಗಿತ್ತು. ಬೀದಿ ಒಣಗಿತ್ತು, ಪಕ್ಕದ ಮನೆಯ ಗೋಡೆ ಒಣಗಿತ್ತು, ತಂತಿಯ ಮೇಲಿನ ದಪ್ಪ ಕಂಬಳಿಯೂ ಒಣಗಿತ್ತು. ಟೈಲ್ಸ್ ಮೇಸ್ತ್ರಿಯ ಮನೆಯಂಗಳ ಮಾತ್ರ ಒಣಗಿರಲಿಲ್ಲ. ಹದಿನೈದು ದಿನದ ಹಿಂದೆ ಅವನೇ ಮುತುವರ್ಜಿಯಿಂದ ಹಾಸಿದ ಪ್ಲಾಸ್ಟಿಕ್ ಹುಲ್ಲು ಅಲ್ಲಿತ್ತು. ನೋಡಲು ಹಸಿರು ಹಸಿರು, ಕಾಲಿಟ್ಟರೆ ಪಚಕ್ ಪಚಕ್. ವಾಸನೆಯಂತೂ ಕೇಳಲೇಬೇಡಿ.

ಹುಲ್ಲು ಹಾಸಿದ್ದು ಅಂದಚೆಂದಕ್ಕಲ್ಲ, ಅಮ್ಮನಿಗಾಗಿ. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ಅಮ್ಮನಿಗೆ ಆಪರೇಷನ್ ಆಗಿತ್ತು. "ವಾಕರ್ ಹಿಡ್ಕೊಂಡು ದಿನಾ ಎರಡು ಹೊತ್ತು ನಡೀಲೇಬೇಕು. ಈಗ ಕೂತುಬಿಟ್ರೆ ಆಮೇಲೆ ಏಳೋದು ಕಷ್ಟ" ಎಂದು ಡಾಕ್ಟರು ಒತ್ತಿ ಹೇಳಿದ್ದರು. ಮನೆಯೊಳಗೆ ಮಂಚಕ್ಕೂ ಬೀರುವಿಗೂ ನಡುವೆ ವಾಕರ್ ತಿರುಗುವುದಿಲ್ಲ. ಅಂಗಳವೋ, ಅಪ್ಪಟ ಜೇಡಿಮಣ್ಣು. ಹುಲ್ಲು ಹಾಸಿದರೆ ಮುಗಿಯಿತು ಎಂದುಕೊಂಡ ಮೇಸ್ತ್ರಿ. ಆದರೆ ಮೊದಲ ಮಳೆಗೇ ವಾಕರಿನ ಒಂದು ಕಾಲು ಹುಲ್ಲಿನ ಸಮೇತ ಕುಸಿಯಿತು. ಹೆಂಡತಿ ಓಡಿ ಬಂದು ಹಿಡಿಯದಿದ್ದರೆ ಅಮ್ಮ ಮತ್ತೆ ಬೀಳುತ್ತಿದ್ದಳು.

ಅವತ್ತಿನಿಂದ ಐದು ದಿನ ಅಮ್ಮ ಹೊಸಿಲು ದಾಟಲಿಲ್ಲ. "ನಿನ್ನ ಹುಲ್ಲಿನ ಮೇಲೆ ಎಮ್ಮೆ ಬೇಕಾದ್ರೆ ಹೊರಳಾಡ್ಲಿ, ನಾನಂತೂ ಬರಲ್ಲ ಕಣಪ್ಪ" ಎಂದು ಮುಖ ತಿರುಗಿಸಿದಳು. ತಮಾಷೆಯಾಗಿಯೇ ಅಂದಳು, ಆದರೆ ವಾಕರನ್ನು ಮೂಲೆಗೆ ತಳ್ಳಿಬಿಟ್ಟಳು. ಅಮ್ಮ ಇನ್ನು ಏಳುವುದೇ ಇಲ್ಲವೇನೋ ಎಂಬ ಭಯ ಅವನ ನಿದ್ದೆ ಕೆಡಿಸಿತ್ತು.

ಆರನೆಯ ದಿನ ಬೆಳಿಗ್ಗೆ ಅವನ ಅಕ್ಕ ಬಂದಳು. ಶಾಲೆಯ ಆಟದ ಮೈದಾನ ನೋಡಿಕೊಳ್ಳುವ ಕೆಲಸ ಅವಳದು. ಇಪ್ಪತ್ತು ವರ್ಷದಿಂದ ಕೆಸರಿನ ಜೊತೆಗೇ ಜಗಳ. ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟವಳೇ ಬಗ್ಗಿ ಹುಲ್ಲಿನ ಮೂಲೆ ಎತ್ತಿದಳು. ಕೆಳಗೊಂದು ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಕಪ್ಪು ನೀರು, ನೀರಿನಲ್ಲಿ ಸೊಳ್ಳೆಮರಿ.

"ಈ ಹಾಳೆ ಯಾಕೋ ಹಾಕ್ದೆ?"

"ಕೆಳಗಿನ ಕೆಸರು ಮೇಲೆ ಬರಬಾರ್ದಲ್ಲ, ಅದಕ್ಕೆ" ಎಂದ ಮೇಸ್ತ್ರಿ.

"ಸರಿಯಪ್ಪ. ಮೇಲಿನ ನೀರು ಎಲ್ಲಿಗೆ ಹೋಗ್ಬೇಕು?"

"ಹುಲ್ಲಿನ ತಳದಲ್ಲಿ ತೂತಿದೆಯಲ್ಲಕ್ಕ. ನೀರು ತಾನೇ ಇಳಿಯುತ್ತೆ ಅಂದ ಅಂಗಡಿಯವನು."

"ಇಳಿದು ಎಲ್ಲಿಗೆ ಹೋಗುತ್ತೆ? ಹಾಳೆ ತೆಗೆದ್ರೂ ಕೆಳಗಿರೋದು ಜೇಡಿ. ಅದು ನೀರನ್ನ ಕೆಳಕ್ಕೆ ಬಿಡೋದೇ ಇಲ್ಲ. ನಂಬಿಕೆ ಇಲ್ದಿದ್ರೆ ನೀನೇ ನೋಡು." ಅಕ್ಕ ಒಂದು ಅಡಿ ಆಳದ ಗುಂಡಿ ತೋಡಿ, ಅದರ ತುಂಬ ನೀರು ಸುರಿದಳು.

ಮೇಸ್ತ್ರಿಗೆ ರೋಷ ಬಂತು. ಒಳಗೆ ಹೋಗಿ ನೆಲದ ಮಟ್ಟ ನೋಡುವ ತನ್ನ ರಸಮಟ್ಟ ತಂದು ಅಂಗಳದ ನಡುವೆ ಇಟ್ಟ. "ಗುಳ್ಳೆ ನೋಡಕ್ಕ, ಸರಿಯಾಗಿ ನಡುವೆ! ಎಲ್ಲಿ ಇಟ್ರೂ ಹೀಗೇ. ಮೂರು ದಿನ ಕೂತು ಸಮ ಮಾಡಿದೀನಿ. ನನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ಏರುಪೇರಿಲ್ಲ."

"ಹೌದಾ? ಬಚ್ಚಲಿಗೂ ಹೀಗೇ ಸಮ ಮಾಡ್ತೀಯಾ?"

"ಛೆ ಛೆ, ಬಚ್ಚಲಿಗೆ ವಾಟ ಬೇಡ್ವಾ? ನೀರು ಹರಿಯೋ ಕಡೆ ಇಳಿಜಾರು ಕೊಡದೇ ಇರೋನು ಮೇಸ್ತ್ರಿನೇ ಅಲ್ಲ…" ಎಂದವನು ಅಲ್ಲಿಗೇ ನಿಲ್ಲಿಸಿದ. ಕಿವಿ ಕೆಂಪಾಯಿತು.

ಒಳಗಿನಿಂದ ಅಮ್ಮ ಬಿದ್ದು ಬಿದ್ದು ನಕ್ಕಳು. "ತನ್ನ ಬಾಯಿಂದ ತಾನೇ ಸಿಕ್ಕಿಬಿದ್ದ!"

ಆದರೂ ಮೇಸ್ತ್ರಿ ಜಗ್ಗಲಿಲ್ಲ. "ಎಲ್ಲಾ ಕೀಳ್ಬೇಕಾ? ಒಂದಿಷ್ಟು ಮರಳು ಸುರಿದ್ರೆ ಸಾಲಲ್ವಾ?"

"ಜೇಡಿಗೆ ಮರಳು ಬೆರೆಸಿದ್ರೆ ಇನ್ನೂ ಗಟ್ಟಿಯಾಗುತ್ತೆ, ನೀರಿಗೆ ದಾರಿ ಆಗಲ್ಲ. ಅಮ್ಮ ಕೂತು ಐದು ದಿನ ಆಯ್ತು. ಇನ್ನೊಂದು ತಿಂಗಳು ಕೂತ್ರೆ ಆ ಕಾಲು ಮತ್ತೆ ನಮ್ಮ ಮಾತು ಕೇಳುತ್ತಾ, ಹೇಳು."

ಮಧ್ಯಾಹ್ನ ಊಟ ಮುಗಿಸಿ ಮೇಸ್ತ್ರಿ ಗುಂಡಿಯತ್ತ ಹೋಗಿ ಬಗ್ಗಿ ನೋಡಿದ. ನೀರು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಸುಮ್ಮನೆ ಸಲಿಕೆ ಎತ್ತಿಕೊಂಡ.

ಅಕ್ಕ ಹೇಳುತ್ತಾ ಹೋದಳು, ಅವನು ಮಾಡುತ್ತಾ ಹೋದ. ಹುಲ್ಲು ಸುರುಳಿ ಸುತ್ತಿ ತೊಳೆದಿಟ್ಟು, ಹಾಳೆ ಕಿತ್ತೆಸೆದರು. ಅರ್ಧ ಅಡಿ ಮಣ್ಣು ತೆಗೆದು, ಮನೆ ಗೋಡೆಯಿಂದ ಆಚೆಗೆ ಮೀಟರಿಗೆ ಒಂದೂವರೆ ಸೆಂಟಿಮೀಟರ್ ವಾಟ ಕೊಟ್ಟರು. ನಡೆಯುವವರಿಗೆ ಗೊತ್ತೇ ಆಗದು, ನೀರಿಗೆ ಮಾತ್ರ ಗೊತ್ತಾಗುತ್ತದೆ. ತಗ್ಗಿನ ಅಂಚಿನಲ್ಲಿ ಕಾಲುವೆ ತೋಡಿ, ತೂತುಗಳಿರುವ ಪೈಪಿಗೆ ನೀರು ಸೋಸುವ ದಪ್ಪ ಬಟ್ಟೆ ಸುತ್ತಿ, ಸುತ್ತಲೂ ಜಲ್ಲಿ ತುಂಬಿದರು.

"ಪೈಪಿನ ಬಾಯಿ ಪಕ್ಕದ ಮನೆ ಕಡೆ ತಿರುಗಿಸ್ಲಾ? ಹತ್ತಿರ ಆಗುತ್ತೆ."

"ನಿನ್ನ ಕೆಸರು ಅವರಿಗೆ ಉಡುಗೊರೆನಾ? ಬೀದಿಯ ಮಳೆನೀರಿನ ಚರಂಡಿಗೆ ಬಿಡೋ, ಅದೂ ಚರಂಡಿ ನೋಡ್ಕೊಳ್ಳೋರನ್ನ ಕೇಳಿಕೊಂಡು" ಎಂದು ಅಕ್ಕ ಗದರಿದಳು.

ಉಳಿದ ಜೇಡಿಯ ಮೇಲೂ ಅದೇ ಬಟ್ಟೆ ಹಾಸಿದರು. ಇಲ್ಲದಿದ್ದರೆ ಜಲ್ಲಿಯನ್ನು ಕೆಸರು ನುಂಗಿಬಿಡುತ್ತದೆ. ಅದರ ಮೇಲೆ ನಾಲ್ಕು ಇಂಚು ಜಲ್ಲಿ ಹಾಕಿ ಚೆನ್ನಾಗಿ ಬಡಿದು ದಮ್ಮಸ್ಸು ಮಾಡಿ, ತೆಳುವಾಗಿ ಜಲ್ಲಿಪುಡಿ ಹರಡಿದರು. ಹುಲ್ಲು ಹಾಸುವ ಮೊದಲು ಮೇಸ್ತ್ರಿ ತಾನಾಗಿಯೇ ನಾಲ್ಕು ಬಕೆಟ್ ನೀರು ಸುರಿದ. ನೀರು ಕಣ್ಣೆದುರೇ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಲ್ಲಿ ಗಳಗಳ ಸದ್ದು. "ಬಂತು ಕಣೇ, ಬಂತು!" ಎಂದು ಹೆಂಡತಿಯನ್ನು ಕೂಗಿ ಕರೆದ.

ಮುಂದಿನ ವಾರ ಇಡೀ ಬೆಳಿಗ್ಗೆ ಧೋ ಎಂದು ಮಳೆ ಸುರಿಯಿತು. ಸಂಜೆ ಮೇಸ್ತ್ರಿ ತಾನೇ ಮೊದಲು ಅಂಗಳದ ಉದ್ದಗಲ ತುಳಿದು ನೋಡಿ, ಅಮ್ಮನ ಮುಂದೆ ವಾಕರ್ ಇಟ್ಟ. ಅಮ್ಮ ಹೊಸಿಲಲ್ಲಿ ನಿಂತಳು. ಒಂದು ಹೆಜ್ಜೆ ಇಟ್ಟಳು. ವಾಕರಿನ ಕಾಲು ಗಟ್ಟಿಯಾಗಿ ನಿಂತಿತು. ಇನ್ನೊಂದು, ಮತ್ತೊಂದು. ಗೇಟಿನವರೆಗೆ ಹೋಗಿ ತಿರುಗಿದಳು. ಕೈ ಚಾಚಿಕೊಂಡು ಹಿಂದೆಯೇ ಬರುತ್ತಿದ್ದ ಮಗನನ್ನು ನೋಡಿ, "ದಾರಿ ಬಿಡೋ, ನೀನೇ ಅಡ್ಡ ನಿಂತಿದೀಯ" ಎಂದಳು. ಮೇಸ್ತ್ರಿಯ ಕಣ್ಣು ತುಂಬಿ ಬಂತು. ಬದಿಗೆ ಸರಿದು ದಾರಿ ಬಿಟ್ಟ.

ಅಣ್ಣಂದಿರೇ, ಅಕ್ಕಂದಿರೇ, ಹುಲ್ಲುಹಾಸು ಕೆಸರನ್ನು ಮುಚ್ಚುತ್ತದೆ, ಅಷ್ಟೇ. ನೀರಿಗೆ ದಾರಿ ನೀವೇ ಮಾಡಿಕೊಡಬೇಕು. ಅಂಗಡಿಗೆ ಹೋಗುವ ಮೊದಲು ಅಂಗಳದಲ್ಲೊಂದು ಗುಂಡಿ ತೋಡಿ, ನೀರು ಸುರಿದು ನೋಡಿ. ನೀರು ನಿಂತರೆ ಮೊದಲು ವಾಟ, ಪೈಪು, ಜಲ್ಲಿ, ಹುಲ್ಲು ಕೊನೆಗೆ. ಬಿಸಿಲಲ್ಲಿ ಈ ಹುಲ್ಲು ಕಾಯುತ್ತದೆ, ನಡುಮಧ್ಯಾಹ್ನ ಬರಿಗಾಲಲ್ಲಿ ಯಾರನ್ನೂ ಬಿಡಬೇಡಿ. ನಿಮ್ಮ ಮನೆಯಲ್ಲೂ ಈಗಷ್ಟೇ ನಡೆಯಲು ಕಲಿಯುತ್ತಿರುವ ಮಗು ಇರಬಹುದು, ಮತ್ತೆ ಕಲಿಯುತ್ತಿರುವ ಹಿರಿಯರಿರಬಹುದು. ಅವರು ಬೀಳುವವರೆಗೆ ಕಾಯಬೇಡಿ. ಈ ಭಾನುವಾರವೇ ಸಲಿಕೆ ಎತ್ತಿ.