ಅಕ್ಕನ ಸರಿ ಉತ್ತರಗಳು

ನಡುಮನೆಗೂ ಕೋಣೆಗೂ ನಡುವಿನ ಬಾಗಿಲಿಗೆ ಅಮ್ಮನ ಹಸಿರು ಸೀರೆಯನ್ನು ಅಡ್ಡ ಕಟ್ಟುತ್ತಿದ್ದೆವು. ಸೀರೆ ನೆಲ ಮುಟ್ಟುತ್ತಿರಲಿಲ್ಲ. ಕೆಳಗಿನ ಗೇಣುದ್ದದ ಸಂದಿಯಲ್ಲಿ ಅಕ್ಕನ ಕಾಲ್ಬೆರಳುಗಳು ಕಾಣುತ್ತಿದ್ದವು. ಅವಳು ಆಚೆ ಸ್ಟೂಲಿನ ಮೇಲೆ, ನಾನು ಈಚೆ ಚಾಪೆಯ ಮೇಲೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು ಎನ್ನುವುದು ಅಪ್ಪನ ಕಟ್ಟಪ್ಪಣೆ. ನನಗೇನು, ಆ ಬೆರಳುಗಳು ಕಂಡರೆ ಸಾಕಿತ್ತು. ಅಕ್ಕನಿಗೆ ನಗು ಬಂದರೆ ಹೆಬ್ಬೆರಳು ಮೇಲೇಳುತ್ತಿತ್ತು. ಬೇಸರವಾದರೆ ಒಂದು ಪಾದ ಇನ್ನೊಂದರ ಮೇಲೆ ಹತ್ತಿ ಕೂರುತ್ತಿತ್ತು. ಅವಳ ಮನಸ್ಸನ್ನು ನಾನು ಓದುತ್ತಿದ್ದೆ. ನನ್ನ ಮನಸ್ಸನ್ನು ಅವಳು ಓದುತ್ತಾಳೆಂದು ಊರು ನಂಬಿತ್ತು.

ಅಪ್ಪ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಸೇರು, ಪಾವು ಎಲ್ಲ ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ಅವರ ಕೆಲಸ. ಬಜಾರಿನಲ್ಲಿ ಅವರ ಸೈಕಲ್ ಕಂಡರೆ ಎಷ್ಟೋ ಜನಕ್ಕೆ ಥಟ್ಟನೆ ಊಟದ ನೆನಪಾಗಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರಂತೆ. ಯಾರನ್ನೂ ನಂಬುವ ಜಾಯಮಾನವಲ್ಲ ಅವರದು. ಆದರೆ ಅಮ್ಮ ತೀರಿಹೋದ ಮೇಲೆ ಒಂದು ವಿಷಯವನ್ನು ಬಲವಾಗಿ ನಂಬಿಬಿಟ್ಟರು: ಅಮ್ಮನಿಗೆ ಮುಂದಾಗುವುದು ತಿಳಿಯುತ್ತಿತ್ತು, ತಾನು ಅದಕ್ಕೆ ಬೆಲೆ ಕೊಡಲಿಲ್ಲ.

ಅದಕ್ಕೆ ಅವರ ಬಳಿ ಇದ್ದ ಸಾಕ್ಷಿ ಇಷ್ಟೆ. ಅವರು ಹೇಳದೆ ಕೇಳದೆ ಟೂರಿನಿಂದ ವಾಪಸಾದ ದಿನಗಳಲ್ಲೂ ಅನ್ನ ಅವರ ಪಾಲಿಗೆ ಸರಿಯಾಗಿಯೇ ಇರುತ್ತಿತ್ತು. ನನ್ನನ್ನು ಕೇಳಿದ್ದರೆ, ಅಮ್ಮ ದಿನಾಲೂ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದಳು, ಉಳಿದರೆ ಬೆಳಿಗ್ಗೆ ಚಿತ್ರಾನ್ನ ಮಾಡುತ್ತಿದ್ದಳು ಎಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಯಾವುದೋ ಪತ್ರಿಕೆಯಲ್ಲಿ ಮನಸ್ಸಿನ ಶಕ್ತಿಯ ಪರೀಕ್ಷೆಯ ಬಗ್ಗೆ ಓದಿಕೊಂಡು ಬಂದ ಅಪ್ಪ, ರಟ್ಟು ಕತ್ತರಿಸಿ ಕಾರ್ಡು ಮಾಡಿದರು. ವೃತ್ತ, ಚೌಕ, ಕೂಡುವ ಗುರುತು, ನೀರಿನ ಅಲೆ, ನಕ್ಷತ್ರ. ಒಂದೊಂದು ಚಿತ್ರಕ್ಕೂ ನಾಲ್ಕಾರು ಕಾರ್ಡು. ನಾನು ಒಂದು ಕಾರ್ಡು ಎತ್ತಿ, ನೋಡಿ, ಮನಸ್ಸಿನಲ್ಲೇ ಅಕ್ಕನಿಗೆ ಕಳಿಸಬೇಕು. ಅವಳು ಹೆಸರು ಹೇಳಬೇಕು. ಆಮೇಲೆ ನನ್ನ ಕೈಯಲ್ಲಿದ್ದದ್ದು ಯಾವುದೆಂದು ನಾನು ಗಟ್ಟಿಯಾಗಿ ಹೇಳಬೇಕು. ಅಪ್ಪ ಅಕ್ಕನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವಳು ಇಣುಕದಂತೆ ಕಾವಲು ಕೂರುತ್ತಿದ್ದರು. ಎದುರಿನ ಮೇಜಿನ ಮೇಲಕ್ಕೆ ಸಣ್ಣ ಹಿತ್ತಾಳೆ ತಕ್ಕಡಿಯನ್ನು ತೂಗುಹಾಕಿ, ಉತ್ತರ ಸರಿಯಾದರೆ ಬಲಗಡೆ ತಟ್ಟೆಗೆ ಒಂದು ಹುಣಸೆ ಬೀಜ, ತಪ್ಪಾದರೆ ಎಡಗಡೆಗೆ.

ಶುರುವಿನಲ್ಲಿ ಎಡಗಡೆಯ ತಟ್ಟೆಯೇ ಕೆಳಗೆ ಕೂರುತ್ತಿತ್ತು. ಅಪ್ಪನ ಮುಖ ಬಾಡುತ್ತಿತ್ತು. ಆ ಮುಖ ನೋಡಲಾರದೆ ಅಕ್ಕನೇ ಒಂದು ದಿನ ಅಡಿಗೆಮನೆಯಲ್ಲಿ ನನಗೆ ಹೇಳಿದಳು: "ನಿನ್ನ ಕೈಬಳೆ ಇದ್ಯಲ್ಲೇ, ಅದನ್ನ ಒಂದು ಸಲ ಆಡಿಸಿದ್ರೆ ವೃತ್ತ, ಎರಡು ಸಲ ಆಡಿಸಿದ್ರೆ ಚೌಕ. ಅಪ್ಪನಿಗೆ ಪಾಪ, ಒಂದಿಷ್ಟು ಸಮಾಧಾನ ಆಗ್ಲಿ."

ಅಲ್ಲಿಂದ ತಕ್ಕಡಿ ವಾಲುವ ದಿಕ್ಕು ಬದಲಾಯಿತು. ನಾವಿಬ್ಬರೂ ಎಷ್ಟು ನಗುತ್ತಿದ್ದೆವು. ಅಪ್ಪ ಮತ್ತೆ ಹೊಟ್ಟೆ ತುಂಬ ಊಟ ಮಾಡತೊಡಗಿದರು. "ಇಂದು ತಾಯಿಯ ಹಾಗೆ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಅಕ್ಕನ ಹೆಸರು ಇಂದುಮತಿ. ಪಕ್ಕದ ಬೀದಿಯ ಹೆಂಗಸರು ಕಳೆದುಹೋದ ಮೂಗುತಿ, ಮನೆಗೆ ಬಾರದ ಎಮ್ಮೆ ಅಂತ ಕೇಳಿಕೊಂಡು ಬಂದರೆ ಅಕ್ಕ ನಕ್ಕು, ಎಲ್ಲಿಟ್ಟಿದ್ದೀರೋ, ಎಲ್ಲಿ ಬಿಟ್ಟಿದ್ದೀರೋ ನೆನಪು ಮಾಡಿಕೊಳ್ಳಿ ಎಂದು ಕಳಿಸುತ್ತಿದ್ದಳು. ಅವರು ನೆನಪು ಮಾಡಿಕೊಂಡು ಹುಡುಕಿ, ಸಿಕ್ಕಿತು ಎಂದು ಬಾಳೆಹಣ್ಣು ತಂದುಕೊಡುತ್ತಿದ್ದರು.

ನರಹರಿಯವರು ಅಪ್ಪನ ಕೈಕೆಳಗೆ ಕೆಲಸಕ್ಕಿದ್ದವರು. ಸರ್ಕಾರದ ಅಸಲಿ ತೂಕಗಳಿದ್ದ ಮರದ ಪೆಟ್ಟಿಗೆಯನ್ನು ಸಂಜೆ ಹೊತ್ತು ತಂದು ನಮ್ಮ ಮನೆಯಲ್ಲಿಟ್ಟು ಹೋಗುತ್ತಿದ್ದರು. ಕಾಫಿ ಕುಡಿಯಲು ಅವರಿಗೆ ಬೇಕಾಗುತ್ತಿದ್ದ ಸಮಯ ದಿನದಿಂದ ದಿನಕ್ಕೆ ಹೆಚ್ಚಾಯಿತು. ಲೋಟ ಇಸಿದುಕೊಳ್ಳಲು ಅಕ್ಕನೇ ಯಾಕೆ ಹೋಗಬೇಕು ಎಂದು ನಾನು ಕೆಣಕಿದರೆ ಅವಳು ಸೌಟು ತೋರಿಸುತ್ತಿದ್ದಳು. ಅವರಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುಂಚೆ ಅಪ್ಪನ ಎದುರು ನಿಂತು, ಪೆಟ್ಟಿಗೆಯ ಕೊಂಡಿಯನ್ನು ತಿರುವುತ್ತಾ ಕೇಳಿಯೇಬಿಟ್ಟರು.

"ಸಾರ್, ಇಂದುಮತಿಯವರನ್ನ ನನಗೆ ಕೊಟ್ಟು ಮದುವೆ ಮಾಡ್ತೀರಾ?"

ಅಪ್ಪ ಅವರನ್ನು ಕೂರಿಸಿ ಹೇಳಿದರು: "ನೀನು ಒಳ್ಳೆಯವನಪ್ಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವಳಿಗೆ ನಿಜವಾಗಿ ಆ ಶಕ್ತಿ ಇದ್ದರೆ, ಸಂಸಾರಕ್ಕೆ ಕಟ್ಟಿ ಅದನ್ನ ಹಾಳು ಮಾಡಲಾರೆ. ಇವಳ ತಾಯಿಯದನ್ನ ನಾನು ಹಾಳು ಮಾಡಿದ್ದು ಸಾಕು. ಭಾನುವಾರ ಕಡೇ ಸಲ ಪರೀಕ್ಷೆ ಮಾಡ್ತೀನಿ. ಎಲ್ಲರ ಹಾಗೆ ಸಾಮಾನ್ಯಳು ಅಂತಾದರೆ ಸಂಜೆಗೆ ಬಾ, ತಾಂಬೂಲ ಬದಲಾಯಿಸೋಣ."

ಶನಿವಾರ ಅಕ್ಕ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿದಳು: "ನಾಳೆ ಬಳೆ ಆಡಿಸಬೇಡ ಕಣೇ. ನಾನು ಬಾಯಿಗೆ ಬಂದದ್ದು ಹೇಳ್ತೀನಿ. ಅಪ್ಪನಿಗೆ ಬೇಜಾರಾಗುತ್ತೆ, ಆದ್ರೆ ಆಮೇಲೆ ಸರಿಹೋಗ್ತಾರೆ."

"ಆಡಿಸಲ್ಲ" ಅಂದೆ.

"ರಜಕ್ಕೆ ನೀನು ನಮ್ಮಲ್ಲಿಗೇ ಬಂದುಬಿಡು."

ನಮ್ಮಲ್ಲಿಗೆ. ಆ ಮಾತು ನನ್ನ ಎದೆಗೆ ಚುಚ್ಚಿತು. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಇವಳು. ಇವಳಿಗಾಗಲೇ ಬೇರೆ "ನಮ್ಮಲ್ಲಿ" ಒಂದು ಇತ್ತು. ಹೆದರಿಕೆಯಾಯಿತು ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟೀತು. ಬರೀ ಹೆದರಿಕೆಯಲ್ಲ. ಹೊಟ್ಟೆಕಿಚ್ಚು. ಜೊತೆಗೆ, ಮೂರು ಹೊತ್ತಿನ ಒಲೆಯೂ ಅಪ್ಪನ ಮೌನವೂ ನನ್ನ ಕುತ್ತಿಗೆಗೆ ಬೀಳುತ್ತವೆ ಎಂಬ ಲೆಕ್ಕಾಚಾರವೂ ಇತ್ತು.

ಭಾನುವಾರ ನಾನು ಬಳೆಗಳನ್ನೆಲ್ಲ ತೆಗೆದು ಅಕ್ಕನ ಕಣ್ಣೆದುರೇ ಗೂಡಿನಲ್ಲಿಟ್ಟೆ. ಅವಳು ನನ್ನ ಕೆನ್ನೆ ಸವರಿ ಆಚೆ ಹೋಗಿ ಕೂತಳು. ಸೀರೆ ಕಟ್ಟಿದ್ದಾಯಿತು. ಅಪ್ಪ ತಕ್ಕಡಿ ನೇರ ಮಾಡಿದರು.

ಮೊದಲು ನಾನು ನಿಜವನ್ನೇ ಹೇಳಿದೆ. ಅವಳು ಚೌಕ ಅಂದಳು, ನನ್ನ ಕೈಯಲ್ಲಿ ಅಲೆ ಇತ್ತು, ಅಲೆ ಅಂದೆ. ಅವಳು ವೃತ್ತ ಅಂದಳು, ನಾನು ನಕ್ಷತ್ರ ಅಂದೆ. ಎಡ ತಟ್ಟೆಗೆ ಬೀಜ ಬೀಳುತ್ತಿತ್ತು. ಸೀರೆಯ ಕೆಳಗೆ ಅಕ್ಕನ ಹೆಬ್ಬೆರಳು ಮೇಲೆದ್ದಿತು. ಆಮೇಲೆ ಬೆರಳುಗಳೆಲ್ಲ ಕುಣಿಯತೊಡಗಿದವು. ಅಷ್ಟು ಖುಷಿ. ನನ್ನನ್ನು ಬಿಟ್ಟು ಹೋಗುವುದಕ್ಕೆ ಅಷ್ಟು ಖುಷಿ.

"ಕೂಡುವ ಗುರುತು" ಅಂದಳು ಅಕ್ಕ.

ನನ್ನ ಕೈಯಲ್ಲಿ ಚೌಕವಿತ್ತು. "ಕೂಡುವ ಗುರುತೇ" ಅಂದೆ.

ಬೀಜ ಬಲಗಡೆ ಬಿತ್ತು. ಮುಂದಿನದಕ್ಕೂ ಹಾಗೇ ಹೇಳಿದೆ, ಅದರ ಮುಂದಿನದಕ್ಕೂ. ಅನುಮಾನ ಬರಬಾರದೆಂದು ನಡುವೆ ಒಂದೊಂದನ್ನು ತಪ್ಪು ಮಾಡಿದೆ. ಅಪ್ಪ ಉಸಿರು ಬಿಗಿಹಿಡಿದು ಅಕ್ಕನನ್ನೇ ನೋಡುತ್ತಿದ್ದಿರಬೇಕು. ಅಂಗಡಿಯವನ ಕೈ ನೋಡುವುದು ಅವರ ಕಸುಬು. ತಮ್ಮ ಪೆಟ್ಟಿಗೆಯಲ್ಲಿದ್ದ ಅಸಲಿ ತೂಕವನ್ನು ಅವರು ಎಂದೂ ಅನುಮಾನಿಸಿದವರಲ್ಲ. ಆ ಮನೆಯಲ್ಲಿ ಅಸಲಿ ತೂಕ ನಾನಾಗಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಅಕ್ಕನ ಬೆರಳುಗಳು ನಿಂತುಹೋದವು. ಅವಳು ತಡೆದು ತಡೆದು ಹೇಳತೊಡಗಿದಳು. "ನಕ್ಷ... ಅಲ್ಲ, ಅಲೆ" ಎಂದು ಕೊನೆಯ ಗಳಿಗೆಯಲ್ಲಿ ಮಾತು ಬದಲಿಸಿದಳು. "ಅಲೆಯೇ" ಎಂದೆ ನಾನು. ಎರಡು ಪಾದಗಳೂ ಒಂದನ್ನೊಂದು ಒತ್ತಿ ಹಿಡಿದುಕೊಂಡವು. ಬಲಗಡೆಯ ತಟ್ಟೆ ಮೇಜಿಗೆ ತಾಗಿದ ಸದ್ದು ಕೇಳಿಸಿತು. ಅಪ್ಪ ಅಳುತ್ತಿದ್ದರು.

ಅಡಿಗೆಮನೆಯಲ್ಲಿ ಅಕ್ಕ ನನ್ನ ಎರಡೂ ಮುಂಗೈ ಹಿಡಿದು ತಿರುಗಿಸಿ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ.

"ನೀನು ಸದ್ದು ಮಾಡ್ಲಿಲ್ಲ" ಅಂದಳು.

"ಇಲ್ಲ."

"ನಾನು ಬೇಕೂಂತ ಬಾಯಿಗೆ ಬಂದದ್ದು ಹೇಳ್ತಿದ್ದೆ. ಆದ್ರೂ ಸರಿಯಾಗ್ತಿತ್ತು." ಅವಳ ತುಟಿ ಬೆಳ್ಳಗಾಗಿತ್ತು. "ಅಮ್ಮ ಹೋದ ದಿನ, ಕಾಲೇಜಿಗೆ ಹೊರಟಾಗ, ಇವತ್ತು ಹೋಗಬಾರದು ಅಂತ ಅನ್ನಿಸಿತ್ತು ಕಣೇ. ಹೊಸ್ತಿಲಲ್ಲಿ ನಿಂತು ಅಮ್ಮನ ಮುಖ ನೋಡಿದೆ. ಪರೀಕ್ಷೆ ಹತ್ತಿರ ಇದೆ ಅಂತ ಹೋಗಿಬಿಟ್ಟೆ. ಸುಮ್ನೆ ಅನ್ನಿಸಿದ್ದು ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಅದು ಸುಮ್ನೆ ಅಲ್ಲ. ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಹೋದೆ."

ಅಮ್ಮ ಮನೆಯಲ್ಲಿ ಒಬ್ಬಳೇ ಇದ್ದಾಗ ಕುಸಿದುಬಿದ್ದು ಸತ್ತಿದ್ದಳು. ಯಾರಾದರೂ ಜೊತೆಗಿದ್ದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಅಂದಿದ್ದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದು, ಅಕ್ಕನ ತಲೆಯ ಮೇಲೆ ಕೈಯಿಟ್ಟು ನಿಂತರು. ಇಷ್ಟು ದಿನದಲ್ಲಿ ಅವರು ಅಷ್ಟು ಸುಖವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ನಾನು ಬಾಯಿ ಮುಚ್ಚಿದೆ. ಅವರಿಗಾಗಿ ಮುಚ್ಚಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಬಯ್ಗುಳಕ್ಕೆ ಹೆದರಿ ಮುಚ್ಚಿದೆ.

ಸಂಜೆ ನರಹರಿಯವರು ಒಗೆದ ಬಿಳಿ ಶರಟು ಹಾಕಿಕೊಂಡು ಬಂದರು. ಅಪ್ಪ ಮಾತಾಡಬೇಕಾಗಿಯೇ ಬರಲಿಲ್ಲ. ಅಕ್ಕನೇ ಜಗುಲಿಗೆ ಹೋಗಿ, "ನನ್ನಿಂದ ಆಗಲ್ಲ. ನನಗೆ ತೀರಿಸೋ ಋಣ ಒಂದಿದೆ. ನೀವು ಕಾಯಬೇಡಿ" ಅಂದಳು. ಅವರು ಮೆಟ್ಟಿಲಿಳಿದು, ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಸ್ವಲ್ಪ ದೂರ ಹೋಗಿ, ಮತ್ತೆ ಬಂದು ಹಾಕಿಕೊಂಡರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ನನ್ನನ್ನು ಕಂಡು ನಕ್ಕರು.

ನನಗೆ ಮದುವೆಯಾಯಿತು. ಅಕ್ಕನೇ ಮುಂದೆ ನಿಂತು ಎಲ್ಲ ಮಾಡಿದಳು. ಬಿಟ್ಟುಹೋಗುತ್ತಾಳೆ ಎಂದು ಅವಳನ್ನು ಕಟ್ಟಿಹಾಕಿದ ನಾನೇ ಬಿಟ್ಟುಹೋದೆ. ಅಪ್ಪ ನೆಮ್ಮದಿಯಾಗಿ ತೀರಿಕೊಂಡರು. ಅಕ್ಕ ಆ ಮನೆಯಲ್ಲೇ ಉಳಿದು, ಕೇಳಿಕೊಂಡು ಬಂದವರಿಗೆಲ್ಲ ಕಿವಿಯಾದಳು. ಒಂದು ಬಾಳೆಹಣ್ಣಿನ ಹೊರತು ಏನನ್ನೂ ಮುಟ್ಟಲಿಲ್ಲ. ಅವಳ ಸಲಹೆಯೂ ಹೆಚ್ಚುಕಡಿಮೆ ಒಂದೇ: "ಮನಸ್ಸಿಗೆ ಕೆಟ್ಟದ್ದು ಅನ್ನಿಸಿದ್ರೆ ಮನೆ ಬಿಟ್ಟು ಹೋಗಬೇಡಿ. ಡಾಕ್ಟರ ಹತ್ತಿರ ತೋರಿಸಿ." ಎಷ್ಟೋ ಜನಕ್ಕೆ ಒಳ್ಳೆಯದೇ ಆಯಿತು. ಅವಳು ಮಾತ್ರ ರಾತ್ರಿ ದೀಪ ಆರಿಸದೆ ಮಲಗುತ್ತಿದ್ದಳು. ಪ್ರತಿ ಸಲ ತವರಿಗೆ ಬಂದಾಗಲೂ ಹೇಳಿಬಿಡಬೇಕು ಎಂದು ಬರುತ್ತಿದ್ದೆ, ಹಪ್ಪಳ ಉಪ್ಪಿನಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದೆ.

ಹೋದ ಸಲ ಬಂದಾಗ ಅಕ್ಕನ ಕೂದಲು ಪೂರ್ತಿ ನರೆತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವಳೇ ಹಳೆಯ ಕಾರ್ಡುಗಳನ್ನು ತಂದು ನನ್ನೆದುರು ಇಟ್ಟಳು. ಅಡ್ಡಕ್ಕೆ ಏನೂ ಕಟ್ಟಲಿಲ್ಲ. ಎದುರುಬದುರು ಕೂತೆವು.

"ಒಂದು ಸಲ ನೋಡೋಣ ಕಣೇ. ಸತ್ಯವಾಗಿ ಹೇಳು."

ನಾನು ಕಾರ್ಡು ಎತ್ತಿದೆ. ಅವಳು ಹೇಳಿದಳು. ತಪ್ಪು. ಮತ್ತೊಂದು, ತಪ್ಪು. ಎಲ್ಲೋ ಒಂದು ಸರಿಯಾಯಿತು, ಮತ್ತೆ ತಪ್ಪು. ಈ ಸಲ ನಾನು ಒಂದಕ್ಕೂ ಸುಳ್ಳು ಹೇಳಲಿಲ್ಲ.

"ಹೋಗಿದೆ" ಅಂದಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಕಾರ್ಡುಗಳನ್ನು ಒಟ್ಟು ಮಾಡಿ ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಆ ಭಾನುವಾರ ಇತ್ತಲ್ವಾ?"

ಇತ್ತು ಅಂದರೆ ಅಮ್ಮನ ಸಾವು ಅವಳ ತಲೆಯ ಮೇಲೆ. ಇಲ್ಲ ಅಂದರೆ ನರಹರಿಯವರನ್ನು ಒಂದು ಸುಳ್ಳಿಗಾಗಿ ಕಳಿಸಿಬಿಟ್ಟ ನೋವು. ಯಾವ ದುಃಖ ಕೊಡಬೇಕೆಂದು ಆರಿಸುವ ಹಕ್ಕು ನನಗೆ ಯಾರು ಕೊಟ್ಟರು? ಆದರೆ ಅವಳು ಕೇಳಿದ್ದಳು.

"ಇರಲಿಲ್ಲ ಅಕ್ಕ" ಅಂದೆ. "ಎಂದೂ ಇರಲಿಲ್ಲ. ನೀನು ಅಂದದ್ದೆಲ್ಲ ತಪ್ಪೇ ಆಗ್ತಿತ್ತು. ನಾನು ಸರಿ ಅಂತ ಸುಳ್ಳು ಹೇಳ್ದೆ."

ಅವಳು ನನ್ನನ್ನೇ ನೋಡಿದಳು. ನಿಧಾನವಾಗಿ ಅವಳ ಭುಜಗಳು ಇಳಿದವು. ಹಣೆಯ ಗೆರೆಗಳು ಸಡಿಲವಾದವು.

"ಹಾಗಾದ್ರೆ ಅಮ್ಮನ ವಿಷಯ..."

"ಅದು ಸುಮ್ನೆ ಅನ್ನಿಸಿದ್ದು. ಎಲ್ಲರಿಗೂ ಅನ್ನಿಸುತ್ತೆ. ನಿನ್ನ ತಪ್ಪು ಏನೂ ಇರಲಿಲ್ಲ."

"ನನಗೆ ಗೊತ್ತಿರಲಿಲ್ಲ" ಅಂದಳು. ತನಗೇ ಹೇಳಿಕೊಳ್ಳುವ ಹಾಗೆ ಇನ್ನೊಮ್ಮೆ ಅಂದಳು. ಕಣ್ಣೊರೆಸಿಕೊಂಡು ನಕ್ಕಳು, ನಮ್ಮ ಚಿಕ್ಕಂದಿನ ನಗು. "ಇರು, ಕಾಫಿ ಮಾಡ್ತೀನಿ" ಎಂದು ಎದ್ದು, ಮಂಡಿ ಹಿಡಿದುಕೊಂಡು ಒಳಗೆ ಹೋದಳು.

ಒಲೆ ಹಚ್ಚಿದ್ದು ಕೇಳಿಸಿತು. ಪಾತ್ರೆಗೆ ನೀರು ಸುರಿದದ್ದು, ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು. ಏನೋ ಗುನುಗುತ್ತಿದ್ದಳು. ಆಮೇಲೆ ಗುನುಗು ನಡುವೆಯೇ ನಿಂತಿತು. ಚಮಚದ ಸದ್ದೂ ಇಲ್ಲ, ಹೆಜ್ಜೆಯ ಸದ್ದೂ ಇಲ್ಲ.

ಅವಳಿಗೆ ಇನ್ನೊಂದು, ಜಗುಲಿಯ ಆ ಸಂಜೆ, ನೆನಪಾಗಿದೆ ಎಂದು ನನಗೆ ಗೊತ್ತಾಯಿತು. ಎದ್ದು ಒಳಗೆ ಹೋಗುವ ಧೈರ್ಯ ಬರಲಿಲ್ಲ. ಒಲೆಯ ಮೇಲೆ ನೀರು ಕುದಿಯತೊಡಗಿತು, ಕುದಿಯುತ್ತಲೇ ಇತ್ತು, ಯಾರೂ ಇಳಿಸಲಿಲ್ಲ.