ನೀಲಿ ಬಾಲದ ಇಲಿ

"ತತ್ತಾ ಇಲ್ಲಿ ಬೋನ. ತೊಟ್ಟೀಲಿ ಒಂದ್ಸಲ ಮುಳುಗ್ಸಿ ತಗುದ್ರೆ ಆಯ್ತು," ಎಂದು ಪುಟ್ಟಮಾದಪ್ಪ ಕೈ ಚಾಚಿದ.

ಸುವರ್ಣಮ್ಮ ಕೊಡಲಿಲ್ಲ. ಮರದ ಬೋನನ್ನು ಎದೆಗವುಚಿಕೊಂಡು ಹಿತ್ತಿಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮದುವೆಯಾಗಿ ನಾಲ್ಕು ತಿಂಗಳು. ಗಂಡನ ಮಾತಿಗೆ ಅಡ್ಡ ನಿಂತದ್ದು ಇದೇ ಮೊದಲು. ಬೋನಿನ ಸಂದಿಯಿಂದ ಹೊರಬಿದ್ದ ಇಲಿಯ ಬಾಲ ಕೈಗೆ ತಾಗಿ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆದರೂ ಬಿಡಲಿಲ್ಲ.

"ಅತ್ತೆ ಬೈತಾರೆ," ಎಂದಳು.

"ಬೈತೀನಿ ಅಂತ ಗೊತ್ತಿದ್ದೂ ಕೇಳ್ತಾನಲ್ಲ, ಅವನ್ಗೇನ್ ಬಂದದೆ!" ರೇಷ್ಮೆ ಹುಳು ಸಾಕುವ ಹುಳುಮನೆಯೊಳಗಿಂದ ಅತ್ತೆ ದೊಡ್ಡಬಸಮ್ಮನ ದನಿ ಮೊದಲು ಬಂತು, ಆಮೇಲೆ ದೊಡ್ಡಬಸಮ್ಮ ಬಂದಳು. "ಉಳ ತಟ್ಟೇಲಿರಗಂಟ ಈ ಅಟ್ಟೀಲಿ ಒಂದು ಜೀವ ತೆಗೆಯಂಗಿಲ್ಲ. ನಿಮ್ಮಪ್ಪ ಇದ್ದಾಗ್ಲೂ ಇಲ್ಲ, ಈಗ್ಲೂ ಇಲ್ಲ."

"ಗೂಡಾದ್ ಮ್ಯಾಲೆ ಅಷ್ಟನ್ನೂ ಬಿಸಿನೀರ್ಗೆ ಆಕಿ ಬೇಯಿಸ್ತಾರಲ್ಲವ್ವ, ಅದು ಜೀವ ಅಲ್ವಾ?"

"ಅದ್ಕೇ ಕಣ್ಲಾ. ಅಷ್ಟು ಜೀವದ ಅನ್ನ ಉಣ್ಣೋ ಅಟ್ಟೀಲಿ ಇನ್ನೊಂದು ಯಾಕೆ?"

ಪುಟ್ಟಮಾದಪ್ಪ ಹೆಂಡತಿಯ ಕಡೆ ತಿರುಗಿದ. "ಊರಾಚೆ ಬುಟ್ಬುಟ್ಟು ಬತ್ತೀನಿ ತತ್ತಾ," ಎಂದ. ಬೋನು ಕೊಡುವ ಮೊದಲು ಸುವರ್ಣಮ್ಮ ಒಂದು ಕೆಲಸ ಮಾಡಿದಳು. ಎತ್ತಿನ ಹೆಗಲ ಹುಣ್ಣಿಗೆ ಹಚ್ಚಲು ತಂದಿಟ್ಟಿದ್ದ ನೀಲಿ ಔಷಧದ ಶೀಶೆಗೆ ಬಟ್ಟೆಯ ಚೂರು ಅದ್ದಿ, ಇಲಿಯ ಬಾಲಕ್ಕೆ ಉದ್ದಕ್ಕೂ ಬಳಿದಳು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರನೆಯ ಬೆಳಿಗ್ಗೆ ಅದೇ ನೀಲಿ ಬಾಲ ಅದೇ ಬೋನಿನ ಸಂದಿಯಿಂದ ಇಣುಕಿದಾಗ ಅವನ ನಗು ನಿಂತಿತು.

"ಊರಾಚೆ ಅಂದ್ರೆ ಎಲ್ಲಿ ಬುಟ್ರಿ?"

"ಇಲ್ಲೇ... ಉಲ್ಲು ಮೆದೆ ತಾವ," ಎಂದು ತಲೆ ಕೆರೆದುಕೊಂಡ.

ಆ ದಿನ ಸುವರ್ಣಮ್ಮ ತಾನೇ ಬೋನು ಹೊತ್ತು, ಕೆರೆ ಏರಿ ದಾಟಿ, ಆಚೆ ದಡದ ಬೇಲಿಯಲ್ಲಿ ಇಲಿಯನ್ನು ಬಿಟ್ಟು ಬಂದಳು.

ಇಲಿಯ ವಿಷಯ ನಗುವಂಥದ್ದೇನೂ ಆಗಿರಲಿಲ್ಲ. ದೊಡ್ಡಬಸಮ್ಮನ ಹಿಂದಿನ ಎರಡು ರೇಷ್ಮೆ ಬೆಳೆಯೂ ಕೈಕೊಟ್ಟಿದ್ದವು. ಇದೂ ಹೋದರೆ ಹಿಪ್ಪುನೇರಳೆ ಕಡ್ಡಿ ಕಿತ್ತು ರಾಗಿ ಬಿತ್ತುವುದೇ ಸೈ ಎಂದು ಪುಟ್ಟಮಾದಪ್ಪ ಹೇಳಿಯಾಗಿತ್ತು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಿಂದ ಹುಳು ಸಾಕಿದ ಮುದುಕಿ ಆ ಮಾತು ಕೇಳಿ ಎರಡು ಹೊತ್ತು ಊಟ ಬಿಟ್ಟಿದ್ದಳು. ಅದೂ ಸಾಲದೆಂಬಂತೆ, ಹೊಸ ಸೊಸೆ ಬಂದ ಮೇಲಿನ ಮೊದಲ ಬೆಳೆ ಇದು. ಮರಿಹುಳಕ್ಕೆ ಮೊದಲ ಸೊಪ್ಪನ್ನು ಅವಳ ಕೈಯಲ್ಲೇ ಹಾಕಿಸಿದ್ದರು. ಅವರ ಊರು ಬಂಡಳ್ಳಿಯಲ್ಲಿ ಸೊಸೆಯ ಕೈಗುಣ ಗೊತ್ತಾಗುವುದು ಹೀಗೆ. ಬೆಳೆ ಕೈಹತ್ತಿದರೆ ಕೇರಿಯವರೆಲ್ಲ ಕರೆದು ಸೊಪ್ಪು ಹಾಕಿಸಿಕೊಳ್ಳುತ್ತಾರೆ. ಕೆಟ್ಟರೆ, ಆ ಕೈ ತಮ್ಮ ಹುಳುಮನೆಯ ಹೊಸಿಲು ದಾಟದಂತೆ ನೋಡಿಕೊಳ್ಳುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ಅದೇ ಸಂಕಟ.

ಸುವರ್ಣಮ್ಮ ಸತ್ತೇಗಾಲದ ಗದ್ದೆ ಸೀಮೆಯವಳು. ಹುಳು ಸಾಕಣೆಯ ಗಂಧಗಾಳಿ ಇರಲಿಲ್ಲ. ಅತ್ತೆ ಹೇಳಿಕೊಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದಳು. ಮಿಂದು ಮಡಿಯುಟ್ಟು ಒಳಗೆ ಹೋಗುವುದು, ಬೆಳ್ಳುಳ್ಳಿ ಒಗ್ಗರಣೆ ಹಾಕದಿರುವುದು, ಹುಳು ಜ್ವರಕ್ಕೆ ಕೂತು ಪೊರೆ ಬಿಡುವಾಗ ತಟ್ಟೆ ಅಲುಗಿಸದಿರುವುದು. ನಾಲ್ಕನೇ ಜ್ವರ ಕಳೆದು ಹುಳು ಕಿರುಬೆರಳಿನಷ್ಟು ದಪ್ಪವಾದ ಮೇಲೆ ಇಲಿಗಳಿಗೆ ಹಬ್ಬವಾಯಿತು. ನೀಲಿ ಬಾಲದ್ದು ಹೋದರೇನು, ಅದರ ಬಳಗವೆಲ್ಲ ಗೋಡೆಯೊಳಗೇ ಇತ್ತು. ಬೆಳಗಾದರೆ ಕೆಳಗಿನ ತಟ್ಟೆಗಳ ಅಂಚಿನಲ್ಲಿ ಅರ್ಧ ತಿಂದ ಹುಳುಗಳು. ಅವನ್ನು ಒಂದೊಂದಾಗಿ ಎತ್ತಿ ಹಾಕುವುದೇ ಅವಳ ಬೆಳಗಿನ ಕೆಲಸವಾಯಿತು.

ಕೊಲ್ಲುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಆಗ ಅವಳಿಗೆ ತವರಿನ ಉಪಾಯ ನೆನಪಾಯಿತು. ಭತ್ತದ ಕಣಜದ ಸುತ್ತ ಇಲಿ ಬಿಲಗಳಿಗೆ ಅಪ್ಪ ಹೊಗೆಸೊಪ್ಪಿನ ಕಡ್ಡಿ ಮುರಿದು ತುರುಕುತ್ತಿದ್ದ. ಘಾಟಿಗೆ ಇಲಿ ಸಾಯುವುದಿಲ್ಲ, ಜಾಗ ಬಿಟ್ಟು ಹೋಗುತ್ತದೆ. ಮದುವೆಯಲ್ಲಿ ಕೊಟ್ಟ ಟ್ರಂಕಿನಲ್ಲಿ, ಸೀರೆಗೆ ನುಸಿ ಹತ್ತದಿರಲೆಂದು ಅವ್ವ ಇಟ್ಟ ಒಂದು ಹಿಡಿ ಕಡ್ಡಿ ಹಾಗೇ ಇತ್ತು. ಅತ್ತೆ ಸೊಪ್ಪು ಕೊಯ್ಯಲು ಹೋದ ಹೊತ್ತಿನಲ್ಲಿ ಹುಳುಮನೆಯ ಹೊರಗೋಡೆಯ ಐದು ತೂತುಗಳಿಗೂ ಕಡ್ಡಿ ತುರುಕಿ ಹಸಿ ಮಣ್ಣು ಮೆತ್ತಿದಳು. ಅಷ್ಟರಲ್ಲಿ ಸೊಪ್ಪಿನ ಕುಕ್ಕೆ ಬಂತು. ಕೈಗೆ ಒಂದಿಷ್ಟು ನೀರು ತೋರಿಸಿ, ಸೆರಗಿಗೆ ಒರೆಸಿಕೊಂಡು, ಲಗುಬಗೆಯಿಂದ ಕೆಳಗಿನ ತಟ್ಟೆಗಳಿಗೆ ಸೊಪ್ಪು ಹರಡಿದಳು. ಅತ್ತೆ ಶಹಬ್ಬಾಸ್ ಅನ್ನುತ್ತಾಳೆಂದು ಮನಸ್ಸಿನಲ್ಲೇ ಹಿಗ್ಗುತ್ತಿದ್ದಳು.

ಮೂರನೇ ತಟ್ಟೆ ಮುಗಿಸಿ ತಿರುಗಿದಾಗ ಮೊದಲ ತಟ್ಟೆಯ ಹುಳುಗಳು ತಿನ್ನುತ್ತಿರಲಿಲ್ಲ. ತಲೆ ಎತ್ತಿ ಆಚೀಚೆ ತೂಗುತ್ತಿದ್ದವು. ಒಂದರ ಬಾಯಿಂದ ಕಂದು ರಸ ಸುರಿಯಿತು. ಇನ್ನೊಂದು ಮೈ ತಿರುಚಿಕೊಂಡು ಮಗ್ಗುಲಾಯಿತು.

"ಅತ್ತೇ!"

ದೊಡ್ಡಬಸಮ್ಮ ಬಂದವಳು ಹುಳು ನೋಡಿದಳು, ಸೊಪ್ಪು ಮೂಸಿದಳು, ಸೊಸೆಯ ಕೈಯನ್ನು ಹಿಡಿದೆಳೆದು ಮೂಸಿದಳು. "ಒಗೆಸೊಪ್ಪು! ಉಳಕ್ಕೆ ವಿಸ!" ಅಂದಳು. ಅಷ್ಟೇ. ಬೈಗುಳಕ್ಕೆ ಹೊತ್ತಿರಲಿಲ್ಲ. ಮುದುಕಿ ಸರಸರನೆ ಸೊಪ್ಪನ್ನೆಲ್ಲ ಕೆಡವಿ, ಆ ಮೂರು ತಟ್ಟೆಗಳನ್ನೂ ಜಗಲಿಯ ಗಾಳಿಗೆ ಒಯ್ದಳು. "ತೂತಲ್ಲಿರೋದ್ನೆಲ್ಲ ಕಿತ್ತು ತಿಪ್ಪೆಗೆ ಆಕು. ಸೀಗೆಪುಡಿ, ಉಣಿಸೆಹಣ್ಣು ತಕ್ಕಂಡು ಕೈ ಉಜ್ಜು. ಸೀರೆ ಬದಲಾಯ್ಸು. ಬಿರ್ರನೆ!"

ಸುವರ್ಣಮ್ಮ ತೊಗಲು ಕೆಂಪಾಗುವ ತನಕ ಉಜ್ಜಿದಳು. ಬಂದು ಜಗಲಿಯ ಕಂಬಕ್ಕೊರಗಿ ಕೂತಳು. ಹತ್ತಿರ ಹೋಗಲು ಧೈರ್ಯವಿಲ್ಲ. ಎರಡು ತಟ್ಟೆಯ ಹುಳುಗಳು ಒಂದೊಂದಾಗಿ ಸೆಟೆದುಕೊಂಡವು. ಮೂರನೆಯದರಲ್ಲಿ, ಹೊತ್ತು ಇಳಿಯುವಾಗ, ದೊಡ್ಡಬಸಮ್ಮ ಹಾಕಿದ ಹೊಸ ಸೊಪ್ಪಿನ ಮೇಲೆ ಒಂದು ಹುಳು ತಲೆ ತಗ್ಗಿಸಿ ಅಂಚು ಕಚ್ಚಿತು. ಆಮೇಲೆ ಇನ್ನೊಂದು. ಸುವರ್ಣಮ್ಮನಿಗೆ ಅಷ್ಟು ಹೊತ್ತು ತಡೆದಿದ್ದ ಅಳು ನುಗ್ಗಿ ಬಂತು.

"ಗೊತ್ತಿರ್ಲಿಲ್ಲ ಅತ್ತೆ..."

"ಎಂಗೆ ಗೊತ್ತಾದ್ದು? ಚಪ್ಪಲಿ, ಬೆಳ್ಳುಳ್ಳಿ, ಒಗೆ, ಎಲ್ಲಾ ಹೇಳ್ದೆ. ಒಗೆಸೊಪ್ಪು ಹಾಕೋರು ಈ ಅಟ್ಟೀಲಿ ಯಾರೂ ಇಲ್ಲ ಅಂತ ಅದೊಂದ ಹೇಳ್ನಿಲ್ಲ. ತಪ್ಪು ನಂದು. ಅಳ್ಬ್ಯಾಡ ಕೂಸೆ, ಮ್ಯಾಲಿನ ತಟ್ಟೆಯವೆಲ್ಲ ಚೆಂದಾಗವೆ."

ಹೊಲದಿಂದ ಬಂದ ಪುಟ್ಟಮಾದಪ್ಪ ಖಾಲಿ ತಟ್ಟೆಗಳನ್ನು ಕಂಡು ಹೌಹಾರಿದ. "ಏನವ್ವ ಇದು, ಎರಡು ತಟ್ಟೆ ಉಳ ಎಲ್ಲೋಯ್ತು?"

ಸುವರ್ಣಮ್ಮ ಕಂಬದ ಮರೆಗೆ ಸರಿದಳು.

"ಇಲಿ ತಿಂತು," ಎಂದಳು ದೊಡ್ಡಬಸಮ್ಮ, ಕಣ್ಣು ಕೂಡ ಮಿಟುಕಿಸದೆ.

"ಎರಡು ತಟ್ಟೇನಾ! ನೋಡ್ದಾ? ಅದ್ಕೇ ಕಣವ್ವ ಮುಳುಗ್ಸಾಣ ಅಂದಿದ್ದು!"

"ಮುಚ್ಲಾ ಬಾಯಿ. ತೂತು ಬುಟ್ಕಂಡು ಕೂತಿರೋರು ನಾವು, ಇಲಿಗೇನ್ ಬೈದೀಯ? ಓಗಿ ಗಾರೆ ಕಲಸು."

ಸುವರ್ಣಮ್ಮ ತಲೆಯೆತ್ತಲಿಲ್ಲ. ಹೆತ್ತವ್ವನೂ ಹೀಗೆ ಕಾಯುತ್ತಿದ್ದಳೋ ಇಲ್ಲವೋ. ಈ ಉಪಕಾರಕ್ಕೆ ಏನು ಹೇಳಬೇಕೆಂದು ತಿಳಿಯದೆ, ಏನೂ ತಿಳಿಯದ ಇಲಿಗೂ ಮನಸ್ಸಿನಲ್ಲೇ ಕೈಮುಗಿದಳು.

ಎರಡು ದಿನ ಮೂವರೂ ಸೇರಿ ದುಡಿದರು. ತೂತುಗಳಿಗೆ ಚೂಪು ಜಲ್ಲಿ ಜಡಿದು ಗಾರೆ ಮೆತ್ತಿದರು. ಹುಳುಮನೆಯ ಪಕ್ಕದಲ್ಲೇ ಇದ್ದ ರಾಗಿ ಗುಡಾಣವನ್ನು ಅಡುಗೆಮನೆಗೆ ಸಾಗಿಸಿ, ಚೆಲ್ಲಿದ ಕಾಳನ್ನೆಲ್ಲ ಗುಡಿಸಿದರು. ತಟ್ಟೆಗಳ ಅಟ್ಟಣೆಯನ್ನು ಗೋಡೆಯಿಂದ ಒಂದು ಮೊಳ ಈಚೆಗೆಳೆದು, ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಇಲಿ ಹತ್ತದಂತೆ ಅದರ ಕಾಲುಗಳಿಗೆ ಕೊಡೆಯಂತೆ ಕಟ್ಟಿದರು. ಆಮೇಲೂ ಬೋನಿಗೆ ಬಿದ್ದ ನಾಲ್ಕು ಇಲಿಗಳನ್ನು ಸುವರ್ಣಮ್ಮ ಕೆರೆಯಾಚೆಗೆ ದಾಟಿಸಿದಳು. ಅಲ್ಲಿಗೆ ಹುಳುಮನೆ ತಣ್ಣಗಾಯಿತು.

ಹುಳು ಹಣ್ಣಾಯಿತು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಏರಿತು, ಗೂಡು ಕಟ್ಟಿತು. ಗೂಡು ಬಿಡಿಸುವ ದಿನ ದೊಡ್ಡಬಸಮ್ಮನ ಮುಖದಲ್ಲಿ ನೆರಿಗೆಗಳೆಲ್ಲ ನಗುತ್ತಿದ್ದವು. ಪುಟ್ಟಮಾದಪ್ಪ ರಾಗಿಯ ಮಾತೆತ್ತಲಿಲ್ಲ. ಹಿಪ್ಪುನೇರಳೆ ಹೊಲಕ್ಕೆ ಗೊಬ್ಬರ ಹೊಡೆಯಬೇಕು ಎಂದ. ಅದೇ ಹೊತ್ತಿಗೆ ಕೆರೆಯಾಚೆ ಕೇರಿಯ ರಾಚಮ್ಮ ಬಂದಳು, ಅವರ ಮನೆಯಲ್ಲಿ ಆಗಷ್ಟೇ ಮರಿಹುಳು ಎದ್ದಿತ್ತು.

"ಬಸಮ್ಮವ್ವ, ಒಂದು ಸೋಜಿಗ ಕೇಳು. ನಮ್ಮಟ್ಟೀಗೆ ಒಂದು ಇಲಿ ಬಂದದೆ, ಬಾಲ ನೀಲಿ! ನಮ್ಮ ಯಜಮಾನ ಕೋಲು ತಕ್ಕಂಡ. ನಾನು, ಬ್ಯಾಡ, ಯಾವ ದೇವರಿಗೆ ಬುಟ್ಟದ್ದೋ ಏನೋ ಅಂತ ತಡುದೆ."

ಪುಟ್ಟಮಾದಪ್ಪ ಮೀಸೆ ಮರೆಯಲ್ಲಿ ಕೆಮ್ಮಿದ. ದೊಡ್ಡಬಸಮ್ಮ ಗಂಭೀರವಾಗಿ, "ಒಳ್ಳೇದ್ ಮಾಡ್ದೆ," ಎಂದಳು. "ಬೋನು ಕೊಡ್ತೀನಿ. ಗಾರೆ ಮೆತ್ತಕ್ಕೆ ನನ್ ಮಗನ್ನೂ ಕಳಿಸ್ತೀನಿ."

"ಅದಿರ್ಲಿ, ನಾ ಬಂದದ್ದು ಬ್ಯಾರೆ ಕೆಲ್ಸಕ್ಕೆ." ರಾಚಮ್ಮ ಗೂಡಿನ ರಾಶಿಯನ್ನು ಕಣ್ತುಂಬ ನೋಡಿದಳು. "ನಿನ್ ಸೊಸೆ ಕೈಗುಣ ದೊಡ್ಡದು. ನಮ್ಮ ಉಳಕ್ಕೂ ಮೊದಲ್ನೇ ಸೊಪ್ಪ ಅವಳ ಕೈಲೇ ಆಕ್ಸವ್ವ."

ಸುವರ್ಣಮ್ಮ ಕೈಯಲ್ಲಿದ್ದ ಗೂಡನ್ನು ರಾಶಿಗೆ ಹಾಕಿದಳು. ಅವಳು ಅತ್ತೆಯ ಮುಖ ನೋಡಿದಳು.

"ಬತ್ತಾಳೆ," ಎಂದಳು ದೊಡ್ಡಬಸಮ್ಮ. "ಕೈ ತೊಳ್ಕಂಡ್ ಬತ್ತಾಳೆ, ನೀ ನಡಿ."

ಬಚ್ಚಲಲ್ಲಿ ಮುದುಕಿ ತಾನೇ ಚೊಂಬಿನಿಂದ ನೀರು ಹೊಯ್ದಳು. ಸುವರ್ಣಮ್ಮ ಸೀಗೆಪುಡಿ ಹಾಕಿ ಒಂದು ಸಲ ತೊಳೆದಳು, ಇನ್ನೊಂದು ಸಲ ತೊಳೆದಳು. ದೊಡ್ಡಬಸಮ್ಮ ಆ ಎರಡೂ ಅಂಗೈಗಳನ್ನು ಹಿಡಿದು ಮೂಗಿನ ಹತ್ತಿರ ತಂದಳು. ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

"ಓಗು ಕೂಸೆ."

ಸುವರ್ಣಮ್ಮ ಖಾಲಿ ಬೋನನ್ನು ಕಂಕುಳಿಗಿಟ್ಟುಕೊಂಡಳು. ಒದ್ದೆ ಕೈಗಳು ಸೆರಗಿಗೆ ತಾಗದಂತೆ ಮುಂದೆ ಚಾಚಿಕೊಂಡು, ಕೆರೆ ಏರಿಯ ಕಡೆ ಹೊರಟಳು.